ಲಾರಿ ಇಂಜಿನ್ ಕೈಯಲ್ಲಿ ತಿರುಗಿಸುವಾಗ ಗಟ್ಟಿಯಾಗಿ ನಿಂತರೆ?

ಪ್ರಶ್ನೆ: ಕಾಫಿ ಸಾಗಿಸುವ ನಮ್ಮ ಲಾರಿ ಮಳೆಗಾಲ ಪೂರ್ತಿ ಶೆಡ್ ಹೊರಗೇ ನಿಂತಿತ್ತು. ಆರು ಸಿಲಿಂಡರಿನ ಕಮಿನ್ಸ್ 6ಬಿಟಿ ಇಂಜಿನ್. ಟ್ಯಾಪೆಟ್ (ವಾಲ್ವ್ ಸಂದಿ) ಸೆಟ್ ಮಾಡಲು ಫ್ಯಾನ್ ಹಿಡಿದು ತಿರುಗಿಸಿದರೆ ಬೆಲ್ಟ್ ಜಾರುತ್ತದೆ. ರಾಡ್ ಹಾಕಿ ತಿರುಗಿಸಿದರೆ ಮುಕ್ಕಾಲು ಸುತ್ತು ಬಂದು ಗಟ್ಟಿಯಾಗಿ ನಿಲ್ಲುತ್ತದೆ, ಹಿಂದಕ್ಕೆ ಮಾತ್ರ ಸಲೀಸು. ಒಂದು ಚೂರು ಸೆಲ್ಫ್ ಹೊಡೆದು ನೋಡಬಹುದೇ?
– ಓದುಗರು, ಸಕಲೇಶಪುರ

ಉತ್ತರ: ಸೆಲ್ಫ್ ಮುಟ್ಟಬೇಡಿ. ಈಗಲೇ ಬ್ಯಾಟರಿಯ ಅರ್ತ್ ವೈರ್ ಬಿಚ್ಚಿಡಿ.

ನೀವು ಹೇಳಿದ ಲಕ್ಷಣ ನೋಡಿದರೆ ಯಾವುದೋ ಸಿಲಿಂಡರಿನಲ್ಲಿ ನೀರೋ ಡೀಸೆಲ್ಲೋ ನಿಂತಿರುವ ಅನುಮಾನವೇ ಹೆಚ್ಚು. ಕಂಪ್ರೆಷನ್ ಬಿಗಿ ಬೇರೆ ಥರ: ರಾಡ್ ಸ್ಪ್ರಿಂಗಿನಂತೆ ಎದುರು ಒತ್ತುತ್ತದೆ, ಹಾಗೇ ಹಿಡಿದುಕೊಂಡರೆ ರಿಂಗ್ ಸಂದಿಯಲ್ಲಿ ಗಾಳಿ ಸೋರಿ ನಿಧಾನಕ್ಕೆ ಬಿಟ್ಟುಕೊಡುತ್ತದೆ. ದ್ರವ ಬಿಟ್ಟುಕೊಡುವುದಿಲ್ಲ, ಗೋಡೆಗೆ ತಾಗಿದ ಹಾಗೆ ನಿಲ್ಲುತ್ತದೆ. ತುಕ್ಕು ಹಿಡಿದಿದ್ದರೆ ಹಿಂದಕ್ಕೂ ಬರುತ್ತಿರಲಿಲ್ಲ. ಈ ಇಂಜಿನ್ನಿನ ಒಂದು ಸಿಲಿಂಡರ್ ಸುಮಾರು ಒಂದು ಲೀಟರ್. ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 60 ಮಿ.ಲೀ. ಆಸುಪಾಸು. ಅರ್ಧ ಲೋಟ ಕಾಫಿಯಷ್ಟು ನೀರು ಸಾಕು, 24 ವೋಲ್ಟಿನ ಸೆಲ್ಫ್ ಕನೆಕ್ಟಿಂಗ್ ರಾಡನ್ನು ಬಗ್ಗಿಸಿಬಿಡುತ್ತದೆ. ಬಗ್ಗಿದ ರಾಡಿನಲ್ಲೂ ಇಂಜಿನ್ ಸ್ಟಾರ್ಟ್ ಆಗಬಹುದು. ಆಮೇಲೆ ಶಿರಾಡಿ ಏರುವಾಗ ಬ್ಲಾಕ್ ಒಡೆದು ಹೊರಬಂದರೆ ಆಶ್ಚರ್ಯವಿಲ್ಲ.

ಏನನ್ನೂ ಬಿಚ್ಚುವ ಮೊದಲು ಒಂದು ಸಣ್ಣ ಸಂಗತಿ ನೋಡಿಬಿಡಿ. ಇಂಜೆಕ್ಷನ್ ಪಂಪಿನ ಹಿಂದೆ, ಗೇರ್ ಹೌಸಿಂಗಿನಲ್ಲಿ ಪ್ಲಾಸ್ಟಿಕ್ ಟೈಮಿಂಗ್ ಪಿನ್ ಇದೆ. ಯಾರಾದರೂ ಒತ್ತಿ ಹಾಗೇ ಬಿಟ್ಟಿದ್ದರೂ ಇಂಜಿನ್ ನಿಲ್ಲುತ್ತದೆ, ಬಲ ಹಾಕಿದರೆ ಪಿನ್ ಮುರಿಯುತ್ತದೆ. ಪಿನ್ ಹೊರಗೇ ಇದ್ದರೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಆರೂ ನಾಝಲ್ ಬಿಚ್ಚಿ. ರಂಧ್ರಗಳ ಮೇಲೆ ಬಟ್ಟೆ ಹಾಕಿ, ಮುಖ ದೂರ ಇಟ್ಟು, ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ. ನೀರಿದ್ದರೆ ಚಿಮ್ಮುತ್ತದೆ. ಬಂದದ್ದು ಏನೆಂದು ನೋಡಿ: ಬಣ್ಣದ ಕೂಲಂಟ್ ಆದರೆ ಹೆಡ್ ಗ್ಯಾಸ್ಕೆಟ್ ಕಡೆ ಅನುಮಾನ, ಡೀಸೆಲ್ ಆದರೆ ಸೋರುವ ನಾಝಲ್, ಬರೀ ನೀರಾದರೆ ಏರ್ ಫಿಲ್ಟರ್ ಬಿಚ್ಚಿ, ತೊಯ್ದಿದೆಯೇ ನೋಡಿ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಬೆರೆಸಿದಂತೆ ಕಂಡರೆ ಆಯಿಲ್ ಇಳಿಸದೆ ಸ್ಟಾರ್ಟ್ ಮಾಡಬಾರದು. ಪ್ರತಿ ಸಿಲಿಂಡರಿಗೂ ಒಂದೆರಡು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಎರಡು ಸುತ್ತು ತಿರುಗಿಸಿ. ಆಯಿಲ್ ಕೈಬಿಟ್ಟು ಸುರಿಯಬೇಡಿ, ಅದೂ ದ್ರವವೇ. ನಾಝಲ್ ಕೂರಿಸುವಾಗ ತಾಮ್ರದ ವಾಷರ್ ಹೊಸದೇ ಹಾಕಿ.

ಫ್ಯಾನ್ ಹಿಡಿಯುವ ಅಭ್ಯಾಸ ಬಿಡಿ, ರೆಕ್ಕೆ ಸೊಟ್ಟಗಾಗುತ್ತದೆ. ಈ ಇಂಜಿನ್ನಿನ ಕ್ರ್ಯಾಂಕ್ ಪುಲ್ಲಿಯ ನಡುವೆ ಸಾಕೆಟ್ ಹಾಕುವಂಥ ದೊಡ್ಡ ಬೋಲ್ಟ್ ಇಲ್ಲ, ಸುತ್ತ ನಾಲ್ಕು ಬೋಲ್ಟ್ ಅಷ್ಟೇ. ಫ್ಲೈವೀಲ್ ಹೌಸಿಂಗಿನ ಮುಚ್ಚಳ ತೆಗೆದು, ರಿಂಗ್ ಗೇರಿಗೆ ಕೂರುವ ಬಾರಿಂಗ್ ಟೂಲ್ ಹಾಕಿ ಅರ್ಧ ಇಂಚಿನ ರ‍್ಯಾಚೆಟ್‌ನಲ್ಲಿ ತಿರುಗಿಸಬೇಕು. ಅದಕ್ಕೆ ಮುಂಚೆ ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಚಕ್ರಕ್ಕೆ ಎರಡೂ ಕಡೆ ಕಲ್ಲು. ಮುಂದೆ ನಿಂತು ನೋಡಿದಾಗ ಪುಲ್ಲಿ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಬೇಕು. ಟೂಲ್ ಮತ್ತು ರಿಂಗ್ ಗೇರ್ ಒಂದಕ್ಕೊಂದು ವಿರುದ್ಧ ತಿರುಗುವುದರಿಂದ ಕೈಯ ಲೆಕ್ಕ ನಂಬಬೇಡಿ. ಒಬ್ಬರು ಪುಲ್ಲಿ ನೋಡುತ್ತಿರಲಿ.

ಇನ್ನು ಟ್ಯಾಪೆಟ್. ಇಂಜಿನ್ ತಣ್ಣಗಿರಬೇಕು. ಪಿನ್ ಮೆಲ್ಲಗೆ ಒತ್ತಿಕೊಂಡು ನಿಧಾನ ತಿರುಗಿಸಿದರೆ ಒಂದು ಕಡೆ ಒಳಗೆ ಬೀಳುತ್ತದೆ. ಒಂದನೇ ಸಿಲಿಂಡರ್ ಕಂಪ್ರೆಷನ್ನಿನಲ್ಲಿ ಮೇಲಿದೆ ಎಂದರ್ಥ. ತಕ್ಷಣ ಪಿನ್ ಹೊರಗೆಳೆದು ಪುಲ್ಲಿಗೆ ಗುರುತು ಹಾಕಿ. ಈಗ 1, 2, 4ನೇ ಸಿಲಿಂಡರಿನ ಇನ್‌ಲೆಟ್ ಮತ್ತು 1, 3, 5ರ ಎಕ್ಸಾಸ್ಟ್ ವಾಲ್ವಿನ ಸಂದಿ ಸೆಟ್ ಮಾಡಿ. ಗುರುತು ನೋಡಿಕೊಂಡು ಒಂದು ಪೂರ್ತಿ ಸುತ್ತು ತಿರುಗಿಸಿದ ಮೇಲೆ 3, 5, 6ರ ಇನ್‌ಲೆಟ್, 2, 4, 6ರ ಎಕ್ಸಾಸ್ಟ್. ಇನ್‌ಲೆಟ್ 0.25 ಮಿ.ಮೀ., ಎಕ್ಸಾಸ್ಟ್ 0.51. ಲಾಕ್ ನಟ್ ಬಿಗಿಯುವ ಬಲ 24 ನ್ಯೂಟನ್ ಮೀಟರ್. ನಟ್ ಬಿಗಿದ ಮೇಲೆ ಸಂದಿ ಅಳೆಯುವ ಫೀಲರ್ ಗೇಜ್ ಇನ್ನೊಮ್ಮೆ ಹಾಕಿ ನೋಡಿ, ಬಿಗಿಯುವಾಗಲೇ ಅಳತೆ ಕದಲುವುದು ಹೆಚ್ಚು.

ಕೆಲಸ ಮುಗಿದ ಮೇಲೆ ಬಾರಿಂಗ್ ಟೂಲ್ ಹೊರಗೆ ತೆಗೆದಿಟ್ಟೇ ಬ್ಯಾಟರಿ ವೈರ್ ಜೋಡಿಸಿ. ಟೂಲ್ ಒಳಗಿರುವಾಗ ಯಾರಾದರೂ ಸೆಲ್ಫ್ ಹೊಡೆದರೆ ಹೌಸಿಂಗೂ ಒಡೆಯುತ್ತದೆ, ಹತ್ತಿರ ನಿಂತವರ ಕೈಯೂ ಮುರಿಯುತ್ತದೆ.

ಪ್ರಶ್ನೆ: ಟೂಲ್ ಇಲ್ಲ. ಹಿಂದಿನ ಒಂದು ಚಕ್ರ ಜಾಕ್ ಮೇಲೆತ್ತಿ, ಟಾಪ್ ಗೇರ್ ಹಾಕಿ ಚಕ್ರ ತಿರುಗಿಸಿದರೆ ಸಾಲದೇ?
– ಓದುಗರು, ಮೂಡಿಗೆರೆ

ಉತ್ತರ: ಇಂಜಿನ್ ತಿರುಗುತ್ತದೆ, ಆದರೆ ಬೇಡ. ಚಕ್ರ ತಿರುಗಬೇಕಾದರೆ ಹಿಂದಿನ ಹ್ಯಾಂಡ್ ಬ್ರೇಕ್ ಬಿಡಲೇಬೇಕು, ಆಗ ಇಡೀ ಲಾರಿ ನಿಂತಿರುವುದು ಕಲ್ಲು ಮತ್ತು ಜಾಕ್ ಮೇಲೆ. ನಿಮ್ಮ ಕಡೆ ಮಟ್ಟಸ ನೆಲ ಸಿಗುವುದೇ ಅಪರೂಪ. ಕಂಪ್ರೆಷನ್ ಎದುರಾದಾಗ ಚಕ್ರ ಹಿಂದಕ್ಕೆ ಜಗ್ಗುತ್ತದೆ, ಬೇಕಾದ ಜಾಗದಲ್ಲಿ ನಿಲ್ಲಿಸುವುದೂ ಕಷ್ಟ. ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಲಾರಿ ಗ್ಯಾರೇಜಿನಿಂದ ಒಂದು ದಿನದ ಮಟ್ಟಿಗೆ ಟೂಲ್ ಕೇಳಿ ತನ್ನಿ. ನಿಮ್ಮ ಇಂಜಿನ್ನಿಗೆ ಹೊಂದುವುದೇ ಎಂದು ಇಂಜಿನ್ ಪ್ಲೇಟಿನ ಫೋಟೋ ತೋರಿಸಿ ಕೇಳಿ. ಹಲ್ಲು ಹೊಂದದ ಟೂಲ್ ರಿಂಗ್ ಗೇರನ್ನೇ ತಿನ್ನುತ್ತದೆ.