ಹಲಸಿನ ಹಪ್ಪಳದ ತರಬೇತಿ ಇಡುವ ಮೊದಲು

ಅಕ್ಕಾ, ನಮಸ್ಕಾರ. ನಿಮ್ಮ ಸ್ವಸಹಾಯ ಸಂಘಕ್ಕೆ ಮೂರು ದಿನ ಹಲಸಿನಕಾಯಿ ಹಪ್ಪಳದ ತರಬೇತಿ ಕೊಡ್ತಾರಂತೆ, ಇದರಿಂದ ನಿಜವಾಗಿ ಏನಾದ್ರೂ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತದೆ. ಆದರೆ ಆ ಮೂರು ದಿನ ಏನು ಕಲಿಸುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ.

ಬಲಿತ ಕಾಯಿ ಕೊಯ್ದು, ಸೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಉಪ್ಪು ಖಾರ ಜೀರಿಗೆ ಹಾಕಿ ರುಬ್ಬಿ, ಒತ್ತಿ ಚಾಪೆ ಮೇಲೆ ಒಣಗಿಸೋದು ಮಲೆನಾಡಿನ ಹೆಂಗಸರಿಗೆ ಹೊಸದಾ? ಅದನ್ನೇ ಮೂರು ದಿನ ತೋರಿಸಿ, ಫೋಟೊ ತೆಗೆದು, ಸರ್ಟಿಫಿಕೇಟ್ ಕೊಟ್ಟು ಹೋದರೆ ಸುಮ್ನೆ ದಿನ ಹಾಳು. ಒತ್ತೋದನ್ನು ನಿಮ್ಮೂರಿನ ಹಿರಿಯರೇ ಕಲಿಸಲಿ, ಅವರಿಗೂ ಗೌರವಧನ ಕೊಡಿಸಿ. ಅಜ್ಜಿ ಕಣ್ಣಳತೆಯಲ್ಲಿ ಒಂದು ಹಿಡಿ ಮೆಣಸು ಹಾಕುವಾಗ ಆ ಹಿಡಿಯನ್ನು ಹಾಗೇ ತಕ್ಕಡಿಗೆ ಹಾಕಿ ತೂಗಿ, ಇಷ್ಟು ಕಿಲೋ ಸೊಳೆಗೆ ಇಷ್ಟು ಗ್ರಾಂ ಅಂತ ಬರೆದಿಡಿ. ಚಿಕ್ಕ ವಯಸ್ಸಿನವರು ಕಲಿಯೋದು ಹೀಗೇ, ಮತ್ತೆ ಅಂಗಡಿಯವರು ಎರಡನೇ ಸಲ ತಗೊಳ್ಳೋದು ರುಚಿ ಒಂದೇ ಥರ ಇದ್ದರೆ ಮಾತ್ರ. 1959ರಲ್ಲಿ ಮುಂಬೈನಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲ ತಂದು ಶುರು ಮಾಡಿದ ಲಿಜ್ಜತ್ ಹಪ್ಪಳದ ಸಂಸ್ಥೆಯಲ್ಲೂ ಹಿಟ್ಟು ಕಲಸೋದು ಒಂದು ಕಡೆ, ಲಟ್ಟಿಸೋದು ಅವರವರ ಮನೆಯಲ್ಲಿ. ನಿಮಗೂ ಅದೇ ಒಳ್ಳೇದು, ಎಳೇ ಮಕ್ಕಳಿರುವ ತಾಯಂದಿರೂ ಸೇರಬಹುದು.

ಹೊರಗಿನಿಂದ ಬರುವವರು ಕಲಿಸಬೇಕಾದ್ದು ಒಣಗಿಸೋದು, ಪ್ಯಾಕಿಂಗ್ ಮತ್ತು ಲೆಕ್ಕ. ಹಪ್ಪಳ ಮುರಿದರೆ ಟಕ್ ಅಂತ ಮುರಿಯಬೇಕು, ಬಾಗಿದರೆ ಇನ್ನೂ ಹಸಿ ಇದೆ ಅಂತ ಅರ್ಥ. ಒಣಗಿತು ಅಂತ ಬಿಸಿಲಿಂದ ತಂದ ಬಿಸಿಯಲ್ಲೇ ಪ್ಯಾಕೆಟ್‌ಗೆ ತುಂಬಿದರೆ ಒಳಗೆ ಬೆವರುತ್ತದೆ, ಮಳೆಗಾಲದಲ್ಲಿ ಬೂಷ್ಟು ಬರೋದು ಬಹಳ ಸಲ ಇದರಿಂದಲೇ. ಪೂರ್ತಿ ಆರಲು ಬಿಡಿ, ದಪ್ಪ ಕವರ್ ಬಳಸಿ, ಸೀಲ್ ಮಾಡೋದನ್ನು ಪ್ರತಿಯೊಬ್ಬರ ಕೈಯಲ್ಲೂ ಮಾಡಿಸಿ.

ಲೆಕ್ಕದ ವಿಷಯಕ್ಕೆ ನನಗೆ ತುಂಬಾ ಹೊಟ್ಟೆ ಉರಿಯುತ್ತದೆ. ಕಾಯಿ ನಮ್ಮ ಮರದ್ದು, ಕೆಲಸ ನಮ್ಮದೇ, ಬಂದಿದ್ದೆಲ್ಲ ಲಾಭ ಅಂದುಕೊಳ್ಳುತ್ತಾರೆ. ಉದಾಹರಣೆಗೆ ಐದು ಜನ ಇಡೀ ದಿನ ಕೂತು 500 ಹಪ್ಪಳ ಮಾಡಿದರು, ಕೂಲಿ ದಿನಕ್ಕೆ 350 ರೂಪಾಯಿ ಅಂತ ಇಟ್ಟುಕೊಳ್ಳಿ. ಕೂಲಿಯೇ 1,750 ಆಯ್ತು, ಅಂದರೆ ನೂರು ಹಪ್ಪಳಕ್ಕೆ 350. ಅದನ್ನು 250ಕ್ಕೆ ಮಾರಿದರೆ ಹೆಂಗಸರ ಬೆವರೇ ಪುಕ್ಕಟೆ ಹೋಯ್ತು ಅಲ್ವಾ? ಗ್ಯಾಸ್, ಕವರ್, ಬಸ್ ಚಾರ್ಜು, ಅಂಗಡಿಯವರ ಕಮಿಷನ್ ಇನ್ನೂ ಸೇರಿಲ್ಲ. ತರಬೇತಿಯಲ್ಲಿ ಅರ್ಧ ದಿನ ಇದಕ್ಕೇ ಇಡಿಸಿ, ಪ್ರತಿಯೊಬ್ಬರೂ ತಾವೇ ಬೆಲೆ ಕಟ್ಟಲಿ.

ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ವಿಷಯಕ್ಕೆ ಹೆದರಬೇಡಿ. ಸಣ್ಣ ವ್ಯವಹಾರಕ್ಕೆ ಬರೀ ನೋಂದಣಿ ಸಾಕು, ಸರ್ಕಾರಿ ಶುಲ್ಕ ವರ್ಷಕ್ಕೆ 100 ರೂಪಾಯಿ, ಏಜೆಂಟರು ಸಾವಿರಗಟ್ಟಲೆ ಕೇಳಿದರೆ ಕೊಡಬೇಡಿ. ಆ 14 ಅಂಕಿಯ ನಂಬರ್, ತೂಕ, ಏನೇನು ಹಾಕಿದ್ದೀರಿ, ತಯಾರಿಸಿದ ದಿನ, ಎಲ್ಲಿವರೆಗೆ ಬಳಸಬಹುದು, ಬೆಲೆ, ವಿಳಾಸ, ಹಸಿರು ಚುಕ್ಕಿ ಲೇಬಲ್ ಮೇಲೆ ಇರಬೇಕು. 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಅನ್ನೋ ಸಣ್ಣ ಆಹಾರ ಘಟಕಗಳ ಕೇಂದ್ರ ಯೋಜನೆಯಲ್ಲಿ ಯಂತ್ರಕ್ಕೆ 35% ಸಹಾಯಧನ, ಸಂಘದ ಸದಸ್ಯರಿಗೆ ತಲಾ 40,000 ರೂಪಾಯಿವರೆಗೆ ಮೂಲ ಬಂಡವಾಳ ಅಂತ ಇಟ್ಟಿದ್ದರು, ಈಗ ಅರ್ಜಿ ತಗೊಳ್ತಿದ್ದಾರಾ ಅಂತ ಕೃಷಿ ಇಲಾಖೆಯಲ್ಲಿ ವಿಚಾರಿಸಿ. ಮೊದಲ ಸೀಸನ್‌ಗೇ ದೊಡ್ಡ ಯಂತ್ರ ಮಾತ್ರ ಬೇಡ. ಒಂದು ತಕ್ಕಡಿ, ಸೀಲಿಂಗ್ ಯಂತ್ರ, ಗ್ರೈಂಡರ್ ಇದ್ದರೆ ಸಾಕು.

ಇನ್ನೊಂದು, ತರಬೇತಿ ಕೊಡುವವರು ಆಮೇಲೆಯೂ ತಿಂಗಳಿಗೊಮ್ಮೆ ಬರ್ತಾರಾ ಅಂತ ಕೇಳಿ ಬರೆಸಿಕೊಳ್ಳಿ. ಮೊದಲ ಪ್ಯಾಕೆಟ್ ವಾಪಸ್ ಬಂದಾಗ ಹೇಳಿಕೊಡಲು ಯಾರೂ ಇಲ್ಲದೇ ಇದ್ದರೆ ಕಲಿತವರೂ ಕೈಬಿಡುತ್ತಾರೆ. ದಿನಾಂಕ ಮಾರ್ಚ್ ಕೊನೆಗೋ ಏಪ್ರಿಲ್‌ಗೋ ಕೇಳಿ. ಜೂನ್‌ನಲ್ಲಿ ಇಟ್ಟರೆ ಬಿಸಿಲೂ ಇರಲ್ಲ, ಕಾಯಿಯೂ ಹಣ್ಣಾಗಿರುತ್ತದೆ. ನಿಮ್ಮದು ಯಾವ ತಾಲೂಕು ಅಂತ ಹೇಳಿ, ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಯಾವುದು ಅಂತ ನೋಡಿ ಇಲ್ಲೇ ಹಾಕ್ತೀನಿ.