ಐಸ್‌ಲ್ಯಾಂಡಿನಲ್ಲಿ ನಿರೂಪಣೆಯ ಕೆಲಸ: ಧಾರವಾಡದ ತಂಗಿಗೆ ಉತ್ತರ

ತಂಗಿ, ಗಂಡನ ಕೆಲಸದ ನಿಮಿತ್ತ ರೇಕ್ಯಾವಿಕ್‌ಗೆ ಬಂದಿಳಿದಿದ್ದೀಯ. ಧಾರವಾಡ ಆಕಾಶವಾಣಿಯಲ್ಲಿ ಉದ್ಘೋಷಕಿಯಾಗಿದ್ದ ಅನುಭವ ಇಲ್ಲಿನ ಸಾಕ್ಷ್ಯಚಿತ್ರಗಳ ನಿರೂಪಣೆಗೆ ಒದಗೀತೇ ಎಂದು ಕೇಳಿದ್ದೀಯ. ಅಕ್ಕಾ ಎಂದು ಕರೆದಿರುವುದರಿಂದ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: ಇಲ್ಲಿ ನಿನ್ನ ದನಿಗಿಂತ ಮೊದಲು ಬರವಣಿಗೆಗೆ ಕೆಲಸ ಸಿಗುತ್ತದೆ. ಅದಕ್ಕೂ ಮೊದಲು ಐಸ್‌ಲ್ಯಾಂಡಿಕ್ ಕಲಿಯಬೇಕು.

ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ರೂವ್‌ಗೆ ಹೋಗುವ ಐಸ್‌ಲ್ಯಾಂಡಿಕ್ ಆವೃತ್ತಿಗೆ ಸಾಮಾನ್ಯವಾಗಿ ಇಲ್ಲೇ ಬೆಳೆದ ನಟರೋ ರೇಡಿಯೊದವರೋ ದನಿ ಕೊಡುತ್ತಾರೆ. ಆ ಬಾಗಿಲು ನಮಗೆ ಬೇಗ ತೆರೆಯುವುದಿಲ್ಲ. ಆದರೆ ಇದು ನಾಲ್ಕು ಲಕ್ಷ ಜನರೂ ಇಲ್ಲದ ದೇಶ. ಚಿತ್ರದ ಖರ್ಚು ಇಲ್ಲೇ ಹುಟ್ಟುವುದಿಲ್ಲವಾದ್ದರಿಂದ ಹೊರಗಿನ ವಾಹಿನಿಗಳಿಗಾಗಿ 52 ನಿಮಿಷಗಳ ಇಂಗ್ಲಿಷ್ ಆವೃತ್ತಿಯನ್ನೂ ಮಾಡುತ್ತಾರೆ. ಅದನ್ನು ದೃಶ್ಯ ನೋಡಿ ಹೊಸದಾಗಿಯೇ ಬರೆಯಬೇಕಾಗುತ್ತದೆ. ನನಗೆ ಕೆಲಸ ಸಿಕ್ಕಿದ್ದು ಅಲ್ಲಿ.

ರೇಡಿಯೊದಿಂದ ಬಂದವರು ಒಂದು ಅಭ್ಯಾಸವನ್ನು ಬಿಡಬೇಕು. ಅಲ್ಲಿ ಮೌನವೆಂದರೆ ದೋಷ. ಇಲ್ಲಿ ಮೌನವೇ ಅರ್ಧ ನಿರೂಪಣೆ. ಸಮುದ್ರದಡಿಯ ಜ್ವಾಲಾಮುಖಿಯಿಂದ ಮೂಡಿದ ಸುರ್ಟ್ಸೆ ದ್ವೀಪದ ಹುಟ್ಟಿನ ದೃಶ್ಯವನ್ನೇ ತೆಗೆದುಕೋ. 1963ರ ನವೆಂಬರ್ 14ರಂದು ದಕ್ಷಿಣ ಕರಾವಳಿಯಾಚೆ ಸಮುದ್ರದಿಂದ ಕಪ್ಪು ಹೊಗೆ ಎದ್ದಿತು. ತೆರೆಯ ಮೇಲೆ ಅದು ಕಾಣುತ್ತಿರುವಾಗ ‘ಹೊಗೆ ಏಳುತ್ತಿದೆ’ ಎಂದು ಬರೆದರೆ ನೋಡುಗರ ಕಣ್ಣಿಗೆ ಅವಮಾನ. ಅಲ್ಲಿ ಸಮುದ್ರ ಸುಮಾರು 130 ಮೀಟರ್ ಆಳವಿತ್ತು, ಮೊದಲು ಕಂಡವನು ಮೀನುಗಾರಿಕೆ ದೋಣಿಯೊಂದರ ಅಡುಗೆಯವನು, 1967ರವರೆಗೂ ಬೆಂಕಿ ನಿಲ್ಲಲಿಲ್ಲ: ಇವನ್ನು ಕ್ಯಾಮೆರಾ ತೋರಿಸಲಾರದು. ಇವುಗಳಲ್ಲಿ ಒಂದನ್ನು ಹೇಳಿ ಸುಮ್ಮನಾಗಬೇಕು, ಮೂರನ್ನೂ ಅಲ್ಲ. ಉಳಿದದ್ದನ್ನು ಅಲೆಯ ಸದ್ದಿಗೆ ಬಿಡು.

ಈ ಕೆಲಸಕ್ಕೆ ಇಲ್ಲಿ ದೊಡ್ಡ ಗೌರವವಿತ್ತು, ಈಗಲೂ ಇದೆ. ಹಿಂದಿನ ತಲೆಮಾರಿನ ಸಾಕ್ಷ್ಯಚಿತ್ರಕಾರ ಓಸ್ವಾಲ್ದುರ್ ಕ್ನುಡ್ಸೆನ್ ಜ್ವಾಲಾಮುಖಿಗಳನ್ನೂ ಹಳ್ಳಿಯ ಬದುಕನ್ನೂ ಚಿತ್ರೀಕರಿಸಿದಾಗ ಬರವಣಿಗೆಗೆ ಜೊತೆಯಾದವರು ಭೂವಿಜ್ಞಾನಿ ಸಿಗುರ್ದುರ್ ಥೋರಾರಿನ್ಸನ್, ಪುರಾತತ್ತ್ವಜ್ಞ ಕ್ರಿಸ್ತ್ಯಾನ್ ಎಲ್ಡ್ಯಾರ್ನ್‌ರಂಥವರು. ಎಲ್ಡ್ಯಾರ್ನ್ 1968ರಲ್ಲಿ ದೇಶದ ಅಧ್ಯಕ್ಷರಾದರು. ವಿಷಯ ಬಲ್ಲವರೇ ಬರೆಯಬೇಕೆಂಬ ಆ ಪದ್ಧತಿಯನ್ನು ನಾನು ತುಂಬ ಮೆಚ್ಚುತ್ತೇನೆ.

ಭಾಷೆ ಏಕೆ ಬೇಕು ಎನ್ನುವೆಯಾ? ನಿರೂಪಣೆ ಹುಟ್ಟುವುದು ಸಂದರ್ಶನಗಳಿಂದ. ಕುರಿ ಸಾಕುವ ಮುದುಕ ಮಾತಿನ ನಡುವೆ ತಡೆದದ್ದು ನೋವಿನಿಂದಲೋ ನೆನಪು ತಪ್ಪಿಯೋ ಎಂಬುದು ಉಪಶೀರ್ಷಿಕೆಯಲ್ಲಿ ಸಿಗುವುದಿಲ್ಲ. ಜ್ವಾಲಾಮುಖಿ ಸಿಡಿಯುವ ಭೀತಿಯಿಂದ ಗ್ರಿಂಡಾವಿಕ್ ಊರನ್ನು 2023ರ ನವೆಂಬರ್ 10ರ ರಾತ್ರಿ ತೆರವು ಮಾಡಿಸಿದರು. ಸುಮಾರು 3,700 ಜನ ಮನೆ ಬಿಟ್ಟು ಹೊರಟರು. ಅಂಥ ಊರಿನ ಬಗ್ಗೆ ಬರೆಯುವಾಗ ‘ಅಳಿದ ಊರು’ ಎಂಬ ಮಾತು ಬಲು ಸುಲಭವಾಗಿ ಬರುತ್ತದೆ. ಅಲ್ಲಿಯವರು ಅದನ್ನು ಕೇಳಿಸಿಕೊಳ್ಳುತ್ತಾರೆ. ನಾಳೆ ಈಜುಕೊಳದ ಬಿಸಿನೀರಿನ ತೊಟ್ಟಿಯಲ್ಲಿ ಅವರಲ್ಲೊಬ್ಬರು ನಿನ್ನ ಎದುರೇ ಕುಳಿತಿರಬಹುದು. ಇಷ್ಟು ಚಿಕ್ಕ ದೇಶದಲ್ಲಿ ಬರೆದ ಪ್ರತಿ ಮಾತಿಗೂ ಮುಖಾಮುಖಿ ಉತ್ತರ ಕೊಡಬೇಕು.

ಉಚ್ಚಾರಕ್ಕೂ ಕಿವಿ ಬೇಕು. ಬರೆದಂತೆ ಓದುವ ನಮ್ಮ ರೂಢಿ ಇಲ್ಲಿ ಕೈಕೊಡುತ್ತದೆ. ವಿಮಾನ ನಿಲ್ದಾಣದ ಫಲಕದಲ್ಲಿ ಕೆಫ್ಲಾವಿಕ್ ಎಂದು ಓದಿದ್ದೀಯ, ಬಾಯಲ್ಲಿ ಅದು ಕೆಪ್ಲಾವಿಕ್. ಹೆಕ್ಲಾ ಪರ್ವತದ ಹೆಸರಿನಲ್ಲಿ ಕಕಾರಕ್ಕೆ ಮೊದಲು ಒಂದು ಉಸಿರು ಹೊರಡುತ್ತದೆ. ಇಂಗ್ಲಿಷ್ ಆವೃತ್ತಿಯಲ್ಲೂ ನಿರ್ದೇಶಕರು ಇದನ್ನು ಬಿಡುವುದಿಲ್ಲ, ಬಿಡಲೂಬಾರದು.

ಇನ್ನು ಬದುಕು. ಬೇಸಿಗೆಯ ಬೆಳಕಿನಲ್ಲಿ ಚಿತ್ರೀಕರಣ, ಚಳಿಗಾಲದ ಕತ್ತಲಲ್ಲಿ ಸಂಕಲನ ಮತ್ತು ಧ್ವನಿಮುದ್ರಣ. ಡಿಸೆಂಬರ್ ಕೊನೆಗೆ ಹಗಲು ನಾಲ್ಕು ಗಂಟೆಗಳಷ್ಟೇ. ಆಗ ಕೈಯಲ್ಲಿ ಕೆಲಸವಿದ್ದರೆ ಮನಸ್ಸು ನಿಲ್ಲುತ್ತದೆ, ಇಲ್ಲದಿದ್ದರೆ ಕಷ್ಟ. ಇದೊಂದನ್ನೇ ನಂಬಿದರೆ ರೇಕ್ಯಾವಿಕ್‌ನ ಬಾಡಿಗೆಯೂ ಹುಟ್ಟುವುದಿಲ್ಲ; ನಾನು ಉಪಶೀರ್ಷಿಕೆಗಳನ್ನೂ ವಸ್ತುಸಂಗ್ರಹಾಲಯಗಳ ಧ್ವನಿ ಮಾರ್ಗದರ್ಶಿಗಳನ್ನೂ ಬರೆಯುತ್ತೇನೆ. ನಿನ್ನ ವಾಸದ ಪರವಾನಗಿಯಲ್ಲಿ ದುಡಿಮೆಯ ಬಗ್ಗೆ ಏನಿದೆ ಎಂದು ಮೊದಲು ನೋಡು. ನಮ್ಮಂಥ ಯುರೋಪಿನಾಚೆಯವರಿಗೆ ಕೆಲಸದ ಪರವಾನಗಿ ಸಾಮಾನ್ಯವಾಗಿ ಒಬ್ಬ ನಿರ್ದಿಷ್ಟ ಮಾಲೀಕರ ಹೆಸರಿಗೆ ಕಟ್ಟಿಬೀಳುತ್ತದೆ, ಬಿಡಿ ಕೆಲಸ ಅದಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ಭಾಷಾ ತರಗತಿಗೆ ಈ ವಾರವೇ ಸೇರು. ಮುಂದೆ ಕಾಯಂ ವಾಸಕ್ಕೂ ಅದು ಬೇಕು.

ಐಸ್‌ಲ್ಯಾಂಡಿನ ಸಿನಿಮಾ ಕೇಂದ್ರವು ಚಿತ್ರಕಥೆಗೆ ಕೊಡುವ ಅನುದಾನದ ವಿಚಾರವನ್ನು ಆಮೇಲೆ ನೋಡೋಣ. ಮೊದಲು ಜನರ ಪರಿಚಯವಾಗಲಿ. 2007ರಿಂದ ಪಶ್ಚಿಮದ ಪಾತ್ರೆಕ್ಸ್‌ಫ್ಯೋರ್ದುರ್ ಎಂಬ ಪುಟ್ಟ ಊರಿನಲ್ಲಿ ಸ್ಕ್ಯಾಲ್ಡ್‌ಬೋರ್ಗ್ ಸಾಕ್ಷ್ಯಚಿತ್ರೋತ್ಸವ ನಡೆಯುತ್ತಿದೆ, ಸಾಮಾನ್ಯವಾಗಿ ಈಸ್ಟರ್ ಕಳೆದು ಏಳು ವಾರಕ್ಕೆ ಬರುವ ಕ್ರೈಸ್ತರ ವಿಟ್ಸನ್ ಹಬ್ಬದ ರಜೆಯಲ್ಲಿ. ನಿರ್ದೇಶಕರು, ಸಂಕಲನಕಾರರು, ಊರಿನವರು ಎಲ್ಲರೂ ಒಂದೇ ಹಳೆಯ ಚಿತ್ರಮಂದಿರದಲ್ಲಿ ಕುಳಿತು ನೋಡುತ್ತಾರೆ. ಇಲ್ಲಿ ಯಾರನ್ನೂ ಸರ್, ಮೇಡಂ ಎನ್ನುವುದಿಲ್ಲ, ಹೆಸರು ಹಿಡಿದೇ ಮಾತನಾಡಿಸು. ಬರುವ ಬೇಸಿಗೆಗೆ ನಾನು ಹೊರಡುತ್ತೇನೆ. ಕಾರಿನಲ್ಲಿ ಜಾಗವಿದೆ, ಬರುವುದಾದರೆ ತಿಳಿಸು.