ಹಳೆಯ ಪಿಕಪ್‌ನ ಡೀಸೆಲ್ ಟ್ಯಾಂಕಿನಲ್ಲಿ ಕೆಸರು, ತುಕ್ಕು

ಪ್ರಶ್ನೆ: ನಮ್ಮ ಹಳೆಯ ಡೀಸೆಲ್ ಪಿಕಪ್ ಎರಡು ಮಳೆಗಾಲ ಓಡದೆ ನಿಂತಿತ್ತು. ಈಗ 10–15 ಕಿ.ಮೀ. ಚೆನ್ನಾಗಿ ಹೋಗಿ, ಏರು ಸಿಕ್ಕಿದೊಡನೆ ಎಳೆಯಲಾರದೆ ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟರೆ ಮತ್ತೆ ಓಡುತ್ತದೆ. ಫಿಲ್ಟರ್ ಎರಡು ಸಲ ಬದಲಾಯಿಸಿದ್ದೇವೆ. 60 ಲೀಟರಿನ ತಗಡಿನ ಟ್ಯಾಂಕ್. ಇಳಿಸಿ ತೊಳೆಯಲೇಬೇಕೆ?
– ಸಕಲೇಶಪುರದ ಓದುಗರು

ಉತ್ತರ: ಮೊದಲು ಮುಚ್ಚಳ ನೋಡಿ. ಗಾಡಿ ನಿಂತ ಕೂಡಲೇ ಮುಚ್ಚಳ ತಿರುಗಿಸಿದಾಗ ಗಾಳಿ ಒಳಕ್ಕೆ ಎಳೆದುಕೊಂಡ ಸದ್ದು ಬಂದರೆ ಅದರ ಗಾಳಿರಂಧ್ರವೋ ಬ್ರೀದರ್ ಪೈಪೋ ಕಟ್ಟಿದೆ. ಅದಕ್ಕೂ ಇದೇ ಲಕ್ಷಣ.

ಸದ್ದಿಲ್ಲದಿದ್ದರೆ ಡ್ರೈನ್ ಬೋಲ್ಟ್ ಸಡಿಲಿಸಿ ಒಂದು ಲೀಟರ್ ಡೀಸೆಲನ್ನು ಗಾಜಿನ ಬಾಟಲಿಗೆ ಹಿಡಿದು ರಾತ್ರಿಯಿಡೀ ಅಲುಗಿಸದೆ ಇಡಿ. ನೀರು ಡೀಸೆಲಿಗಿಂತ ಭಾರ, ತಳದಲ್ಲಿ ನಿಲ್ಲುತ್ತದೆ. ನೀರೂ ಡೀಸೆಲೂ ಸೇರುವಲ್ಲಿ ಕಪ್ಪು ಲೋಳೆ ಕಂಡರೆ ಅದು ಅಲ್ಲೇ ಬೆಳೆಯುವ ಸೂಕ್ಷ್ಮಜೀವಿಗಳದ್ದು. ಎಂಜಿನ್ ಎಳೆಯುವಾಗ ಈ ಲೋಳೆ, ತುಕ್ಕಿನ ಚಕ್ಕೆ ಒಳಗಿನ ಹೀರುಕೊಳವೆಯ ಜಾಲರಿಗೆ ಅಂಟುತ್ತವೆ; ಎಂಜಿನ್ ನಿಂತರೆ ಕಳಚಿ ಬೀಳುತ್ತವೆ. ಹತ್ತು ನಿಮಿಷದ ಗುಟ್ಟು ಇದೇ. ಹಾಗಿದ್ದರೆ ಇಳಿಸಲೇಬೇಕು. ಬರೀ ಡ್ರೈನ್ ಮಾಡಿದರೆ ಒಳಗಿನ ಅಡ್ಡತಗಡುಗಳ ಹಿಂದಿನ ಕೆಸರು ಹಾಗೇ ಉಳಿಯುತ್ತದೆ.

ಬಯಲಿನಲ್ಲಿ ಕೆಲಸ ಮಾಡಿ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಹತ್ತಿರ ಬೀಡಿ, ಬೆಂಕಿ ಬೇಡ. ಪೈಪಿನಿಂದ ಬಾಯಲ್ಲಿ ಡೀಸೆಲ್ ಎಳೆಯಲೇಬೇಡಿ, ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಟ್ಯಾಂಕನ್ನು ಹಿಡಿದಿರುವ ಪಟ್ಟಿಯ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿರಿ. ಹಲಗೆಯಿಟ್ಟ ಜಾಕ್ ಮೇಲೆ ಟ್ಯಾಂಕ್ ಕೂರಿಸಿ ಇಳಿಸಿ. ಡೀಸೆಲ್ ಹೋಗುವ ಪೈಪಿಗೂ ವಾಪಸ್ ಬರುವ ಪೈಪಿಗೂ ಬೇರೆ ಬೇರೆ ಬಣ್ಣದ ಟೇಪ್ ಸುತ್ತಿ. ವಾಪಸ್ ಕೊಳವೆ ಹಲವು ಟ್ಯಾಂಕುಗಳಲ್ಲಿ ಗಿಡ್ಡ; ಅದಲುಬದಲಾದರೆ ಟ್ಯಾಂಕ್ ಅರ್ಧವಿರುವಾಗಲೇ ಎಂಜಿನ್ ಗಾಳಿ ಎಳೆಯುತ್ತದೆ. ಡೀಸೆಲ್ ಮಟ್ಟ ತೋರಿಸುವ ಫ್ಲೋಟನ್ನೂ ಹೀರುಕೊಳವೆಯನ್ನೂ ಹೊರತೆಗೆದು ಬೇರೆಯಾಗಿ ತೊಳೆಯಿರಿ. ಜಾಲರಿಯನ್ನು ಕಿತ್ತು ಎಸೆಯುವ ಅಭ್ಯಾಸ ಕೆಲವರಿಗಿದೆ, ತಪ್ಪು.

ಮೊದಲು 3–4 ಲೀಟರ್ ಶುದ್ಧ ಡೀಸೆಲ್ ಹಾಕಿ ಕುಲುಕಿ ಚೆಲ್ಲಿ. ಆಮೇಲೆ 20 ಲೀಟರ್ ಬಿಸಿನೀರಿಗೆ 200 ಗ್ರಾಂ ಬಟ್ಟೆ ಸೋಪಿನ ಪುಡಿ. ಒಳಗೆ ಎರಡು ಮೀಟರ್ ಸಣ್ಣ ಕಬ್ಬಿಣದ ಸರಪಳಿ ಬಿಟ್ಟು, ಅದರ ತುದಿಯನ್ನು ತಂತಿಯಿಂದ ಬಾಯಿಗೆ ಕಟ್ಟಿ, 15–20 ನಿಮಿಷ ಉರುಳಿಸಿ. ಜಲ್ಲಿಕಲ್ಲು ಹಾಕಬೇಡಿ, ಅಡ್ಡತಗಡುಗಳ ಸಂದಿಯಲ್ಲಿ ಸಿಕ್ಕಿದ ಕಲ್ಲು ಮತ್ತೆ ಬರುವುದಿಲ್ಲ. ನೀರು ತಿಳಿಯಾಗುವವರೆಗೆ ತೊಳೆಯಿರಿ.

ಟಾರ್ಚ್ ಬಿಟ್ಟು ನೋಡಿದಾಗ ಒಳಮೈ ಹೊಳೆಯುತ್ತಿದ್ದರೆ ತುಕ್ಕು ತಡೆಯುವ ಲೇಪ ಇನ್ನೂ ಇದೆ ಎಂದರ್ಥ; ತೊಳೆಯುವುದನ್ನು ಇಲ್ಲಿಗೇ ನಿಲ್ಲಿಸಿ. ಆಸಿಡ್ ಆ ಲೇಪವನ್ನು ಕೆಡಿಸುತ್ತದೆ. ಕೆಂಪು ತುಕ್ಕಿದ್ದರೆ ಮಾತ್ರ ಸಿಟ್ರಿಕ್ ಆಸಿಡ್, ಅಂದರೆ ನಿಂಬೆ ಉಪ್ಪು: ಲೀಟರಿಗೆ 50 ಗ್ರಾಂ, ನಿಮ್ಮ ಟ್ಯಾಂಕಿಗೆ 3 ಕೆ.ಜಿ. ಬೆಚ್ಚಗಿನ ನೀರಲ್ಲಿ ಕರಗಿಸಿ ಕುತ್ತಿಗೆವರೆಗೆ ತುಂಬಿ, ಏಕೆಂದರೆ ಡೀಸೆಲ್ ಮುಟ್ಟದ ಮೇಲ್ಭಾಗದಲ್ಲೂ ತುಕ್ಕಿರುತ್ತದೆ. ಅನಿಲ ಬರುವುದರಿಂದ ಬಾಯಿ ಪೂರ್ತಿ ಮುಚ್ಚಬೇಡಿ. 24 ಗಂಟೆ ಸಾಕು. ಬಾತ್‌ರೂಮ್ ಆಸಿಡ್ ಬೇಡ, ತುಕ್ಕಿನ ಜೊತೆ ತಗಡನ್ನೂ ತಿನ್ನುತ್ತದೆ. ಚೆಲ್ಲಿದ ಮೇಲೆ 20 ಲೀಟರ್ ನೀರಿಗೆ ಅರ್ಧ ಕೆ.ಜಿ. ಅಡುಗೆ ಸೋಡಾ ಕರಗಿಸಿ ಕುಲುಕಿ, ಮತ್ತೆ ತೊಳೆಯಿರಿ.

ಇಷ್ಟೆಲ್ಲ ಮಾಡಿದವರು ಕೆಡುವುದು ಒಣಗಿಸುವಲ್ಲಿ. ಬರಿಮೈಯಾದ ಕಬ್ಬಿಣ ಗಂಟೆಯೊಳಗೆ ಮತ್ತೆ ಕೆಂಪಾಗುತ್ತದೆ. ಟ್ಯಾಂಕ್ ಬೋರಲು ಹಾಕಿ ನೀರು ಬಸಿದು, ತಕ್ಷಣ ಕಂಪ್ರೆಸರ್ ಗಾಳಿ ಹಾಯಿಸಿ. ಒಣಗಿದೊಡನೆ ಒಂದು ಲೀಟರ್ ಡೀಸೆಲ್ ಹಾಕಿ ಎಲ್ಲ ಮೂಲೆಗೂ ಹರಿಸಿ, ಆ ಡೀಸೆಲನ್ನು ತೆಗೆದುಬಿಡಿ.

ಪೈಪುಗಳ ಎರಡೂ ತುದಿ ಬಿಚ್ಚಿ ಎಂಜಿನ್ ಕಡೆಯಿಂದ ಗಾಳಿ ಊದಿ. ಫ್ಲೋಟಿನ ರಬ್ಬರ್, ತಾಮ್ರದ ವಾಷರುಗಳು, ಫಿಲ್ಟರ್ ಹೊಸದಾಗಿರಲಿ. 10–15 ಲೀಟರ್ ಹೊಸ ಡೀಸೆಲ್ ಹಾಕಿ, ಗಾಳಿ ಹೊರಬಿಡುವ ಏರ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಹ್ಯಾಂಡ್ ಪಂಪ್ ಒತ್ತಿ. 300–500 ಕಿ.ಮೀ. ಆದಮೇಲೆ ಫಿಲ್ಟರ್ ಇನ್ನೊಮ್ಮೆ ಬದಲಾಯಿಸಿ. ಉಳಿದ ಚೂರು ಅಷ್ಟರಲ್ಲಿ ಬಂದು ಸೇರಿರುತ್ತದೆ. ಲೋಳೆ ಕೊಲ್ಲುವ ಔಷಧಿ ಹಾಕುವುದಾದರೆ ಈಗ ಹಾಕಿ. ಕೊಳೆ ಟ್ಯಾಂಕಿಗೆ ಹಾಕಿದರೆ ಸತ್ತ ಲೋಳೆಯೆಲ್ಲ ಫಿಲ್ಟರಿಗೇ ಬರುತ್ತದೆ.

ನಿಮ್ಮ ಕಡೆಯ ಮಳೆಗಾಲದಲ್ಲಿ ಗಾಡಿಯನ್ನು ತುಂಬಿದ ಟ್ಯಾಂಕಿನೊಂದಿಗೆ ನಿಲ್ಲಿಸಿ. ಖಾಲಿ ಜಾಗದ ತೇವದ ಗಾಳಿಯೇ ರಾತ್ರಿ ನೀರಾಗಿ ಇಳಿಯುತ್ತದೆ.

ಪ್ರಶ್ನೆ: ತೊಳೆದ ಮೇಲೆ ಟ್ಯಾಂಕಿನ ಅಂಚಿನಲ್ಲಿ ಸೂಜಿಮೊನೆಯಷ್ಟು ತೂತು ಕಂಡಿತು. ಗ್ಯಾಸ್ ವೆಲ್ಡಿಂಗ್ ಮಾಡಿಸಲೇ?
– ಹಾವೇರಿಯ ಓದುಗರು

ಉತ್ತರ: ಬೇಡ. ಮಡಿಕೆಗಳಲ್ಲಿ ಕುಳಿತ ಎಣ್ಣೆ ಕಾವಿಗೆ ಆವಿಯಾಗಿ, ತೊಳೆದು ಒಣಗಿಸಿದ ಟ್ಯಾಂಕೂ ಸಿಡಿಯಬಲ್ಲದು. ಒಂದೇ ತೂತಾದರೆ ಬಣ್ಣ ಕೆರೆದು, ಮರಳು ಕಾಗದದಿಂದ ಉಜ್ಜಿ, ಇಂಧನ ತಾಳುವ ಎರಡು ಭಾಗದ ಎಪಾಕ್ಸಿ ಮೆತ್ತಿ ಒಂದು ದಿನ ಬಿಡಿ. ಸ್ಕ್ರೂಡ್ರೈವರ್ ಒತ್ತಿದರೆ ತಳ ಒಳಕ್ಕೆ ಬಾಗುತ್ತಿದ್ದರೆ ಟ್ಯಾಂಕನ್ನೇ ಬದಲಾಯಿಸಿ.